ಇಷ್ಟು ಬಿಸಿಲದ, ಸೋಲಾರ್ ಕರೆಂಟ್ ಡಬಲ್ ಬರಬೇಕಲ್ರಿ?

ಪ್ರಶ್ನೆ: “ಕಲ್ಲಿದ್ದಲು, ಗಾಳಿ, ನೀರು, ಸೋಲಾರ್ ಎಲ್ಲಾದಕ್ಕೂ ಮೂಲ ಸೂರ್ಯನೇ ಅಂತ ಬರೀತೀರಿ. ಹಂಗಾದ್ರ ಕಲಬುರಗಿಯಾಗ ಇಷ್ಟು ಬಿಸಿಲದ, ಬೆಂಗಳೂರಿಗಿಂತ ಡಬಲ್ ಕರೆಂಟ್ ಬರಬೇಕಲ್ರಿ? ಮೇ ತಿಂಗಳದಾಗ ನಡು ಮಧ್ಯಾಹ್ನ ಕಮ್ಮಿ ಯಾಕ ತೋರಸ್ತದ? ಪ್ಯಾನೆಲ್ ಡುಪ್ಲಿಕೇಟ್ ಏನ್ರಿ?”

ಉತ್ತರ: ಪ್ಯಾನೆಲ್ ಡುಪ್ಲಿಕೇಟ್ ಅಲ್ಲ, ಇನ್ವರ್ಟರ್ ಕೆಟ್ಟಿಲ್ಲ. ಮೊದಲು ಅಷ್ಟು ಸಮಾಧಾನ ಇರಲಿ. ಯುಗಾದಿ ದಾಟಿದರೆ ಸಾಕು, ಈ ಪ್ರಶ್ನೆ ಸೇಡಂನಿಂದಲೂ ಬರುತ್ತದೆ, ಶಹಾಪುರದಿಂದಲೂ ಬರುತ್ತದೆ. ಹೋದ ವರ್ಷ ಉತ್ತರ ಓದಿದವರೇ ಈ ವರ್ಷ ಮತ್ತೆ ಕೇಳುತ್ತಾರೆ. ಅದಕ್ಕೇ ಈ ಸಲ ಬೇರುಸಮೇತ ಕೀಳೋಣ.

ಬೇರು ಇರುವುದು ನಮ್ಮ ಮಾತಿನಲ್ಲೇ. ‘ಬಿಸಿಲು’ ಅನ್ನುವ ಪದದೊಳಗೇ ‘ಬಿಸಿ’ ಕೂತಿದೆ. ಸೂರ್ಯ ಕಳಿಸುವ ಬೆಳಕನ್ನೂ, ಆ ಬೆಳಕು ಬಿದ್ದು ನೆಲ, ಗೋಡೆ, ಗಾಳಿ ಕಾದ ಮೇಲೆ ಹುಟ್ಟುವ ಝಳವನ್ನೂ ನಾವು ಒಂದೇ ಪದದಲ್ಲಿ ಹೇಳಿ ಮುಗಿಸುತ್ತೇವೆ. ಪ್ಯಾನೆಲ್ ಹಾಗೆ ಒಂದಾಗಿ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಬೆಳಕು ಮಾತ್ರ. ಝಳ ಬೇಡವೇ ಬೇಡ.

ನಂಬಿಕೆ ಬರದಿದ್ದರೆ ಮೇ ತಿಂಗಳಲ್ಲಿ ರಾತ್ರಿ ಎಂಟು ಗಂಟೆಗೆ ಮಾಳಗಿ ಹತ್ತಿ. ಬರಿಗಾಲಿಡಲು ಆಗದಷ್ಟು ಕಾದಿರುತ್ತದೆ, ಗೋಡೆ ಮುಟ್ಟಿದರೆ ಶಾಖ ಹೊಡೆಯುತ್ತದೆ. ಆಗ ಇನ್ವರ್ಟರ್ ಆ್ಯಪ್ ತೆಗೆದು ನೋಡಿ: ಸೊನ್ನೆ. ಝಳದಿಂದ ಕರೆಂಟ್ ಆಗುವುದಿದ್ದರೆ ನಮ್ಮ ಜಿಲ್ಲೆಯಲ್ಲಿ ರಾತ್ರಿಯೂ ದೀಪ ಉರಿಯಬೇಕಿತ್ತು.

ಒಳಗೆ ನಡೆಯುವುದು ಇಷ್ಟು. ಪ್ಯಾನೆಲ್‌ನಲ್ಲಿ ಸಿಲಿಕಾನ್‌ನ ತೆಳು ಬಿಲ್ಲೆಗಳಿರುತ್ತವೆ. ಬೆಳಕಿನ ಕಣ ಒಂದು ಎಲೆಕ್ಟ್ರಾನಿಗೆ ಬಡಿದು ಅದನ್ನು ಜಾಗದಿಂದ ಎಬ್ಬಿಸುತ್ತದೆ. ಎದ್ದ ಎಲೆಕ್ಟ್ರಾನ್ ತಂತಿ ಹಿಡಿದು ಓಡುವುದೇ ಕರೆಂಟ್. ಎಬ್ಬಿಸಲು ಪ್ರತಿ ಕಣಕ್ಕೂ ಒಂದು ಕನಿಷ್ಠ ಶಕ್ತಿ ಬೇಕು. ಬೆಳಕು ಕಣವೂ ಹೌದು, ಅಲೆಯೂ ಹೌದು; ಅಲೆ ಉದ್ದವಾದಷ್ಟೂ ಕಣದ ಶಕ್ತಿ ಕಡಿಮೆ. ಸುಮಾರು 1100 ನ್ಯಾನೋಮೀಟರಿಗಿಂತ ಉದ್ದದ ಅಲೆಗಳಿಗೆ ಆ ಶಕ್ತಿ ಇಲ್ಲ. ಕಾದ ಮಾಳಗಿಯಿಂದ ಹೊರಡುವ ಶಾಖದ ಅಲೆಗಳೆಲ್ಲ ಇದಕ್ಕಿಂತ ಬಹಳ ಉದ್ದದವು, ಅವು ಎಷ್ಟು ಬಂದು ಬಿದ್ದರೂ ಒಂದು ಎಲೆಕ್ಟ್ರಾನ್ ಏಳುವುದಿಲ್ಲ. ಬದಲಿಗೆ ಸಿಲಿಕಾನ್ ಬಿಸಿಯಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಆಂಪಿಯರ್ ಕೂದಲೆಳೆಯಷ್ಟು ಏರುತ್ತದೆ, ನಿಜ, ಆದರೆ ವೋಲ್ಟೇಜ್ ಇಳಿದ ನಷ್ಟವನ್ನು ಅದು ತುಂಬಲಾರದು.

ಈಗ ಲೆಕ್ಕ. ಪ್ಯಾನೆಲ್ ಮೇಲೆ ಬರೆದ 540 ವ್ಯಾಟ್ ಅನ್ನುವುದು ಸಿಲಿಕಾನ್ 25 ಡಿಗ್ರಿ ಇದ್ದಾಗಿನ ಮಾತು. ಊರಿನಲ್ಲಿ 42 ಡಿಗ್ರಿ ಇರುವ ಮಧ್ಯಾಹ್ನ ಗಾಜಿನ ಕೆಳಗೆ 70 ಆಗಿರುತ್ತದೆ. 25ರ ಮೇಲೆ ಪ್ರತಿ ಡಿಗ್ರಿಗೂ ಶೇ. 0.35ರಷ್ಟು ಕಡಿತ ಅಂತ ಹಿಡಿಯಿರಿ (ನಿಮ್ಮ ಪ್ಯಾನೆಲ್‌ನ ನಿಖರ ಅಂಕಿ ಅದರ ಡೇಟಾಶೀಟ್‌ನಲ್ಲಿ ಇರುತ್ತದೆ). 45 ಡಿಗ್ರಿಗೆ ಹತ್ತಿರ ಹತ್ತಿರ ಶೇ. 16. ಅಂದರೆ 540ರ ಪ್ಯಾನೆಲ್ 455 ಕೊಡುತ್ತದೆ. ಅಂಥವು ಆರು ಹಾಕಿದ ಮನೆಯಲ್ಲಿ 3240 ಬರಬೇಕಾದದ್ದು 2700ರ ಸುಮಾರಿಗೆ ನಿಂತರೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ಆ್ಯಪ್‌ನಲ್ಲಿ ಡಿಸಿ ವೋಲ್ಟೇಜ್ (ಪ್ಯಾನೆಲ್ ಕಡೆಯಿಂದ ಇನ್ವರ್ಟರಿಗೆ ಬರುವ ವೋಲ್ಟೇಜ್) ನೋಡಿದರೆ ಇನ್ನೂ ಸ್ಪಷ್ಟ: ಆರು ಪ್ಯಾನೆಲ್ ಸಾಲಾಗಿ ಜೋಡಿಸಿದ್ದರೆ ಬೆಳಗ್ಗೆ 240ರ ಆಸುಪಾಸು ಇದ್ದದ್ದು ಮಧ್ಯಾಹ್ನ 210ಕ್ಕೆ ಬಂದಿರುತ್ತದೆ.

ಬೆಂಗಳೂರಿನ ಜೊತೆ ಹೋಲಿಕೆಯೂ ಇಲ್ಲೇ ಬಿದ್ದುಹೋಗುತ್ತದೆ. ವರ್ಷಪೂರ್ತಿ ನೆಲಕ್ಕೆ ಬೀಳುವ ಬೆಳಕು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಅನ್ನುವ ಲೆಕ್ಕ ಅಲ್ಲಿಗೂ ಸರಿ, ಇಲ್ಲಿಗೂ ಸರಿ. ಮಾರ್ಚ್, ಏಪ್ರಿಲ್‌ನಲ್ಲಿ ನಿಮಗೆ ಒಟ್ಟು ಯೂನಿಟ್ ಚೆನ್ನಾಗಿ ಬಂದರೆ ಅದು ಮೋಡವಿಲ್ಲದ ಆಕಾಶದ ಪುಣ್ಯ, ಝಳದ್ದಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣ ಸೋಲಾರ್ ವಾಟರ್ ಹೀಟರ್. ಅದನ್ನೂ ಸೋಲಾರ್ ಅಂತೀವಿ, ಇದನ್ನೂ ಸೋಲಾರ್ ಅಂತೀವಿ. ಹೀಟರಿಗೆ ಕಪ್ಪು ಬಳಿದಿರುವುದೇ ಬೆಳಕನ್ನೆಲ್ಲ ಹೀರಿ ಶಾಖ ಮಾಡಲಿ ಅಂತ. ಅಲ್ಲಿ ಶಾಖವೇ ಸರಕು, ಪ್ಯಾನೆಲ್‌ನಲ್ಲಿ ಶಾಖ ಅಂದರೆ ಸೋರಿಕೆ. ಆದ್ದರಿಂದ ಪ್ಯಾನೆಲ್ ಕೆಳಗೆ ಗಾಳಿ ಆಡಬೇಕು. ತಗಡಿನ ಮೇಲೆ ಕೂರಿಸುವುದಾದರೆ ಕನಿಷ್ಠ ಐದಾರು ಇಂಚು ಎತ್ತರ ಬಿಡಿಸಿ, ತಗಡಿಗೇ ಅಂಟಿಸಿ ಕೂರಿಸಲು ಬಿಡಬೇಡಿ. ಕಲಬುರಗಿ 17 ಡಿಗ್ರಿ ಅಕ್ಷಾಂಶದಲ್ಲಿದೆ, ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 17 ಡಿಗ್ರಿ ಇಳಿಜಾರು. ತಣ್ಣಗಾಗಲಿ ಅಂತ ಮಧ್ಯಾಹ್ನ ನೀರು ಸುರಿಯಬೇಡಿ. 70 ಡಿಗ್ರಿಯ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು, ಬೋರಿನ ಸವಳು ನೀರು ಆರಿ ಬಿಳಿ ಪೊರೆ ಕಟ್ಟುತ್ತದೆ. ತೊಳೆಯುವುದು ಸೂರ್ಯ ಏರುವ ಮೊದಲು. ಶಹಾಬಾದ್, ವಾಡಿ ಕಡೆ ಕಲ್ಲಿನ ಧೂಳಿಗೆ ಇಬ್ಬನಿ ಸೇರಿ ಗಟ್ಟಿ ಪದರವಾಗುವುದರಿಂದ ಅಲ್ಲಿ ವಾರಕ್ಕೊಮ್ಮೆ ಒರೆಸಲೇಬೇಕು.

ಇನ್ನು ಕಲ್ಲಿದ್ದಲು. ‘ಭೂಮಿಯ ಒಳಗಿನ ಕಾವಿಗೆ ಬೆಂದು ಇದ್ದಲಾಯಿತು, ಹಾಗಾಗಿ ಅದರ ಶಕ್ತಿ ಭೂಮಿಯದು’ ಅನ್ನುವವರೂ ಅದೇ ತಪ್ಪು ಮಾಡುತ್ತಿದ್ದಾರೆ, ಝಳವನ್ನೇ ಶಕ್ತಿ ಅಂದುಕೊಳ್ಳುತ್ತಿದ್ದಾರೆ. ಭಾಲ್ಕಿ, ಹುಮನಾಬಾದ್ ಕಡೆ ಬೆಲ್ಲದ ಗಾಣ ನೋಡಿದ್ದೀರಲ್ಲ. ಕಬ್ಬಿನ ಹಾಲು ಕಡಾಯಿಯಲ್ಲಿ ಕುದಿಯುತ್ತದೆ, ನೀರು ಆವಿಯಾಗುತ್ತದೆ, ಬೆಲ್ಲ ಉಳಿಯುತ್ತದೆ. ಸಿಹಿ ಒಲೆಯಿಂದ ಬಂತೇ? ಅದು ಕಬ್ಬಿನಲ್ಲೇ ಇತ್ತು, ಬೆಂಕಿ ನೀರನ್ನು ಓಡಿಸಿತು ಅಷ್ಟೆ. ಕಲ್ಲಿದ್ದಲಿನ ಕತೆಯೂ ಹೀಗೇ. ಜೌಗಿನಲ್ಲಿ ಬಿದ್ದ ಗಿಡಮರಗಳು ಗಾಳಿ ಸಿಗದೆ ಪೂರ್ತಿ ಕೊಳೆಯಲಿಲ್ಲ, ಮೇಲೆ ಮಣ್ಣು ಕೂತಿತು, ಭಾರ ಮತ್ತು ಕಾವು ಸೇರಿ ನೀರನ್ನು ಹಿಂಡಿ ತೆಗೆದು ಇಂಗಾಲ ಉಳಿಸಿದವು. ಆ ಇಂಗಾಲವನ್ನು ಗಾಳಿಯಿಂದ ಬಿಡಿಸಿ ಕಟ್ಟಿಟ್ಟದ್ದು ಎಲೆ, ಎಲೆಗೆ ಶಕ್ತಿ ಕೊಟ್ಟದ್ದು ಬೆಳಕು. ಎಲೆಯೂ ನಿಮ್ಮ ಪ್ಯಾನೆಲ್ ಹಾಗೆಯೇ: ಝಳ ಅತಿಯಾದರೆ ನೀರು ಉಳಿಸಲು ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಕೆಲಸ ನಿಧಾನವಾಗುತ್ತದೆ. ಪೆಟ್ರೋಲು ಡೀಸೆಲ್ಲೂ ಬೆಳಕಿನ ಮಕ್ಕಳೇ, ಆದರೆ ಡೈನೋಸಾರ್‌ಗಳಿಂದ ಆದದ್ದಲ್ಲ. ಸಮುದ್ರದಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮತ್ತು ಜೀವಿಗಳಿಂದ.

ಹಾಗಾದರೆ ಎಲ್ಲವೂ ಸೂರ್ಯನದೇ ಆದಮೇಲೆ ವ್ಯತ್ಯಾಸವೇನು? ಬಿಸಿಲಿನ ವಯಸ್ಸು. ಪ್ಯಾನೆಲ್ ಬಳಸುವುದು 8 ನಿಮಿಷ 20 ಸೆಕೆಂಡ್ ಹಿಂದೆ ಸೂರ್ಯನಿಂದ ಹೊರಟ ಬೆಳಕು. ಒಲೆಗೆ ಹಾಕುವ ತೊಗರಿ ಕಟ್ಟಿಗೆಯಲ್ಲಿರುವುದು ಜೂನ್‌ನಿಂದ ಡಿಸೆಂಬರ್‌ವರೆಗಿನ ಬಿಸಿಲು. ಬೇವಿನ ತೊಲೆಯಲ್ಲಿ ಮೂವತ್ತು ನಲವತ್ತು ವರ್ಷದ್ದು. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲಿನಲ್ಲಿ ಸುಮಾರು 25 ಕೋಟಿ ವರ್ಷ ಹಳೆಯದು. ಕಿಲೋಗೆ 3800 ಕಿಲೋಕ್ಯಾಲರಿ ಇರುವ ಇದ್ದಲಾದರೆ ಒಂದು ಯೂನಿಟ್‌ಗೆ ಮುಕ್ಕಾಲು ಕಿಲೋಗೆ ತುಸು ಕಡಿಮೆ ಸುಡಬೇಕು. ತೊಗರಿ ಕಟ್ಟಿಗೆ ಮುಂದಿನ ವರ್ಷ ಮತ್ತೆ ಬೆಳೆಯುತ್ತದೆ, ಅದು ಬಿಟ್ಟ ಹೊಗೆಯ ಇಂಗಾಲವನ್ನು ಮುಂದಿನ ಬೆಳೆ ಹೀರಿಕೊಳ್ಳುತ್ತದೆ. ಕಲ್ಲಿದ್ದಲಿನ ಮುಂದಿನ ಬೆಳೆ ಕಾಯಲು ಯಾರಿಗೂ ಆಯಸ್ಸಿಲ್ಲ.

ಝಳಕ್ಕೆ ನಿಜವಾಗಿ ಕೆಲಸ ಇರುವುದು ಗಾಳಿ ಮತ್ತು ನೀರಿನಲ್ಲಿ. ಅಲ್ಲಿಯೂ ಬೇಕಾದದ್ದು ಬರೀ ಬಿಸಿಯಲ್ಲ, ಬಿಸಿಯ ವ್ಯತ್ಯಾಸ. ನೆಲ ಕಾದು ಸಮುದ್ರ ತಂಪಾಗಿದ್ದರೆ ಗಾಳಿ ಒಳನಾಡಿಗೆ ನುಗ್ಗುತ್ತದೆ, ಮಳೆ ಹೊತ್ತು ತರುತ್ತದೆ, ಕೃಷ್ಣೆ ತುಂಬುತ್ತದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್‌ನ ಟರ್ಬೈನ್‌ಗಳು ತಿರುಗುತ್ತವೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಸೂರ್ಯ ಸುಮಾರು 2400 ಕಿಲೋಜೂಲ್ ಖರ್ಚು ಮಾಡುತ್ತಾನೆ. ಅದೇ ಲೀಟರ್ 30 ಮೀಟರ್ ಎತ್ತರದಿಂದ ಬಿದ್ದಾಗ ನಮಗೆ ಸಿಗುವುದು 0.3 ಕಿಲೋಜೂಲ್ ಮಾತ್ರ. ಉಳಿದದ್ದನ್ನೆಲ್ಲ ಆವಿ ಮೋಡವಾಗುವಾಗ ಆಕಾಶಕ್ಕೇ ಬಿಟ್ಟುಕೊಟ್ಟಿರುತ್ತದೆ.

ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ಪ್ರಶ್ನೆ ಉಳಿಯಿತು. ಸಿಂಗರೇಣಿಯಲ್ಲಿ ಇರುವ ಕಲ್ಲಿದ್ದಲು ನಮ್ಮ ನೆಲದಲ್ಲಿ ಯಾಕಿಲ್ಲ? ನಿಮ್ಮ ಮನೆಗೆ ಹಾಸಿದ ಶಹಾಬಾದ್ ಕಲ್ಲನ್ನೇ ನೋಡಿ. ಅದು 50 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕಲ್ಲು. ಆಗ ನೆಲದ ಮೇಲೆ ಕಾಡು ಇರಲೇ ಇಲ್ಲ, ಹೂತು ಇದ್ದಲಾಗಲು ಮರವೇ ಹುಟ್ಟಿರಲಿಲ್ಲ. ಕಲಬುರಗಿಯ ಉತ್ತರಕ್ಕೂ ಬೀದರ್ ಕಡೆಗೂ ಮೇಲೆ ಹಾಸಿರುವುದು 6.5 ಕೋಟಿ ವರ್ಷದ ಹಿಂದಿನ ಲಾವಾ ಕಲ್ಲು.

ಆದರೆ ಅದೇ ಸುಣ್ಣದ ಕಲ್ಲಿನ ಪಟ್ಟಿಯಲ್ಲಿ, ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಬಿರುಕು ಬಿಟ್ಟ ಕಲ್ಲುಗಳ ನಡುವೆ ಯುರೇನಿಯಂ ಇದೆ. ನಮ್ಮ ಸೂರ್ಯನಿಗೆ ಸಂಬಂಧವಿಲ್ಲದ ಶಕ್ತಿ ಅದು. ಸೂರ್ಯ ಹುಟ್ಟಿ 460 ಕೋಟಿ ವರ್ಷ ಆಯಿತು. ಯುರೇನಿಯಂ ಅದಕ್ಕೂ ಮೊದಲು ಸತ್ತ ಬೇರೆ ನಕ್ಷತ್ರಗಳಿಂದ ಬಂದದ್ದು. ಅದರಲ್ಲಿ ಹೆಚ್ಚಿನ ಪಾಲು ಇರುವ ಯುರೇನಿಯಂ 238 ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು. ಭೂಮಿ ಹುಟ್ಟಿದಾಗ ಇದ್ದದ್ದರಲ್ಲಿ ಸುಮಾರು ಅರ್ಧ ಇನ್ನೂ ಉಳಿದಿದೆ.