ರಾಜಸ್ಥಾನದಲ್ಲಿರುವ ಸತು ನಮ್ಮಲ್ಲೇಕಿಲ್ಲ?

ಕರ್ನಾಟಕದಲ್ಲಿ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಎಲ್ಲ ಇವೆ. ಸತು-ಸೀಸದ ದೊಡ್ಡ ಗಣಿ ಒಂದೂ ಇಲ್ಲ. ಏಕೆಂದು ಭೂವಿಜ್ಞಾನದ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ನಮ್ಮ ಶಿಲೆಗಳು ಬಹುಪಾಲು ತೀರಾ ಹಳೆಯವು ಎನ್ನುವುದು ನನ್ನ ಉತ್ತರ.

ಸತು ಅಪರೂಪದ ಲೋಹವೇನಲ್ಲ. ಭೂಮಿಯ ಹೊರಪದರದ ಒಂದು ಟನ್ ಕಲ್ಲಿನಲ್ಲಿ ಸರಾಸರಿ 70 ಗ್ರಾಂನಷ್ಟು ಇರುತ್ತದೆ. ರಾಜಸ್ಥಾನದ ಭೀಲ್ವಾಡಾ ಜಿಲ್ಲೆಯ ರಾಂಪುರಾ-ಅಗೂಚಾ ಗಣಿಯ ಅದಿರಿನಲ್ಲಿ ಅದು ಟನ್ನಿಗೆ 100 ಕಿಲೋ ದಾಟುತ್ತದೆ. ಸಾವಿರ ಪಟ್ಟಿಗೂ ಮಿಕ್ಕಿದ ಈ ಜಮಾವಣೆ ಉಪ್ಪುನೀರಿನ ಕೆಲಸ.

ಭೂಖಂಡ ಸೀಳಿ ತಗ್ಗಾದಲ್ಲಿ ಮರಳು, ಕೆಸರು ಕಿಲೋಮೀಟರುಗಟ್ಟಲೆ ದಪ್ಪಕ್ಕೆ ತುಂಬುತ್ತವೆ. ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡ ನೀರು ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪಾಗಿರಬಹುದು. ಆಳದಲ್ಲಿ ಅದು 100ರಿಂದ 200 ಡಿಗ್ರಿಗೆ ಕಾಯ್ದಾಗ, ಉಪ್ಪಿನಲ್ಲಿರುವ ಕ್ಲೋರೈಡ್ ಸುತ್ತಲಿನ ಕಲ್ಲಿನಿಂದ ಸತು, ಸೀಸವನ್ನು ಎಳೆದುಕೊಂಡು ಕರಗಿಸಿಟ್ಟುಕೊಳ್ಳುತ್ತದೆ. ಸ್ತರಭಂಗದ (ಶಿಲೆ ಬಿರಿದು ಜಾರಿದ ಸೀಳಿನ) ದಾರಿ ಸಿಕ್ಕರೆ ಆ ನೀರು ಮೇಲೇರುತ್ತದೆ. ಮೇಲೆ, ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಬ್ಯಾಕ್ಟೀರಿಯಾ ಸಮುದ್ರದ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಬದಲಿಸುತ್ತಿರುತ್ತವೆ. ಎರಡೂ ಕೂಡಿದ ಜಾಗದಲ್ಲಿ ಲೋಹ ಗಂಧಕದೊಂದಿಗೆ ಸೇರಿ ಸಲ್ಫೈಡ್ ಆಗಿ ಕೆಳಗಿಳಿಯುತ್ತದೆ. ಕೆಂಪು ಸಮುದ್ರದ ಅಟ್ಲಾಂಟಿಸ್-2 ತಗ್ಗಿನಲ್ಲಿ, ಸುಮಾರು 2,000 ಮೀಟರ್ ಆಳದಲ್ಲಿ, ಬಿಸಿ ಉಪ್ಪುನೀರಿನ ಮಡುವೊಂದು ಸತು, ತಾಮ್ರ ಬೆರೆತ ಕೆಸರನ್ನು ಇಂದಿಗೂ ಪೇರಿಸುತ್ತಿದೆ.

ಸಲ್ಫೇಟೇ ಇಲ್ಲದಿದ್ದರೆ? ಹೀಗೆ ಲೋಹ ಕೆಳಗಿಳಿಯುವುದಿಲ್ಲ. ವಾತಾವರಣದಲ್ಲಿ ಆಮ್ಲಜನಕ ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ನೆಲದ ಮೇಲಿನ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಕೊಳೆತು, ಹೊಳೆಗಳು ಸಲ್ಫೇಟನ್ನು ಕಡಲಿಗೆ ಒಯ್ದದ್ದು ಆಮೇಲಿನ ಮಾತು. ರಾಜಸ್ಥಾನದ ಅಗೂಚಾ, ದರೀಬಾ, ಜಾವರ್ ನಿಕ್ಷೇಪಗಳು ಸರಿಸುಮಾರು 170-180 ಕೋಟಿ ವರ್ಷ ಹಳೆಯವು. ಆಸ್ಟ್ರೇಲಿಯಾದ ಮೌಂಟ್ ಐಸಾ, ಮೆಕ್‌ಆರ್ಥರ್ ರಿವರ್ ಇನ್ನೂ ತುಸು ಕಿರಿಯವು. ಕರ್ನಾಟಕದ ಧಾರವಾಡ ಶಿಲಾಪಟ್ಟಿಗಳಾದರೋ 250 ಕೋಟಿ ವರ್ಷಕ್ಕಿಂತ ಹಿಂದಿನವು. ಚಿತ್ರದುರ್ಗದ ಇಂಗಳದಾಳಿನಲ್ಲಿ ತಾಮ್ರವಿದೆ, ನಿಜ. ಆದರೆ ಅದಿರುವುದು ಜ್ವಾಲಾಮುಖಿ ಶಿಲೆಯಲ್ಲಿ. ಅದರ ಹುಟ್ಟಿನ ಕಥೆಯೇ ಬೇರೆ.

ಅಗೂಚಾದ ಡ್ರಿಲ್ ಕೋರ್ (ಕೊರೆದು ತೆಗೆದ ಕಲ್ಲಿನ ಕಂಬಿ) ಕೈಗೆತ್ತಿಕೊಂಡರೆ ಮೊದಲು ಗೊತ್ತಾಗುವುದು ಭಾರ. ಗ್ರಾಫೈಟ್ ಬೆರಳಿಗೆ ಮಸಿ ಹಚ್ಚುತ್ತದೆ. ಅದೇ ಹಳೆಯ ಕಪ್ಪು ಕೆಸರಿನ ಇಂಗಾಲ. ಸತುವಿನ ಸಲ್ಫೈಡ್ ಆದ ಕಂದು ಸ್ಫ್ಯಾಲರೈಟನ್ನು ಚಾಕುವಿನಿಂದ ಗೀರಿ, ಆ ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸೀಸದ ಸಲ್ಫೈಡ್ ಆದ ಗೆಲೀನಾ ಬೆಳ್ಳಿಯಂತೆ ಹೊಳೆಯುತ್ತದೆ. ಎಲ್ಲವೂ ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಕಣಗಳು. ಪರ್ವತ ಏಳುವಾಗಿನ ಉಗ್ರ ಶಾಖದಲ್ಲಿ ಕೆಸರಿನ ಮೂಲ ಪದರಗಳು ಅಳಿಸಿಹೋದವು, ಕಣಗಳು ಬೆಳೆದವು. ಹುಟ್ಟನ್ನು ಹುಡುಕುವ ನಮಗೆ ಅದು ನಷ್ಟ, ಅದಿರು ಅರೆಯುವವರಿಗೆ ದೊಡ್ಡ ಲಾಭ. ಅಂಥ ಶಾಖ ಕಾಣದ ಮೆಕ್‌ಆರ್ಥರ್ ರಿವರ್ ಅದಿರು 1950ರ ದಶಕದಲ್ಲೇ ಪತ್ತೆಯಾಗಿತ್ತು. ಅದರ ಕಣಗಳು ಎಷ್ಟು ಸಣ್ಣವೆಂದರೆ ಬೇರ್ಪಡಿಸಲಾಗದೆ ಗಣಿಗಾರಿಕೆ 1990ರ ದಶಕದವರೆಗೆ ಕಾಯಬೇಕಾಯಿತು.

ದಕ್ಷಿಣದಲ್ಲಿ ಹುಡುಕುವುದಾದರೆ ಕಿರಿಯ ಜಲಜಶಿಲೆಗಳಿರುವ (ಮರಳು, ಕೆಸರು ಗಟ್ಟಿಯಾದ ಕಲ್ಲುಗಳಿರುವ) ಕಡೆಗೇ ಹೋಗಬೇಕು. ಆಂಧ್ರದ ಕಡಪಾ ಜಲಾನಯನದ (ಹಿಂದೆ ಕೆಸರು ತುಂಬಿದ ತಗ್ಗಿನ) ಬಂಡಲಮೊಟ್ಟುವಿನಲ್ಲಿ ಸುಣ್ಣಕಲ್ಲಿನಂಥ ಡೋಲೊಮೈಟ್ ಒಳಗೆ ಸೀಸ ಸಿಕ್ಕಿದೆ. ನಮ್ಮ ಕಲಾದಗಿ, ಭೀಮಾ ಜಲಾನಯನಗಳೂ ಧಾರವಾಡದ ಶಿಲೆಗಳಿಗಿಂತ ಎಷ್ಟೋ ಕಿರಿಯವು. ಅಲ್ಲಿ ನಾನು ಮೊದಲು ನೋಡುವುದು, ಕೆಸರು ತುಂಬುತ್ತಿದ್ದಾಗಲೇ ಜಾರುತ್ತಿದ್ದ ಸ್ತರಭಂಗಗಳನ್ನು, ಮತ್ತು ಅವುಗಳ ಅಂಚಿನಲ್ಲಿ ಕಪ್ಪು ಕೆಸರು ಗಟ್ಟಿಯಾದ ಶೇಲ್ ಕಲ್ಲು ಇದೆಯೇ ಎಂಬುದನ್ನು.