ಓದುಗರ ಪ್ರಶ್ನೆ: ಕಷ್ಟದ ಶಿಫ್ಟ್‌ಗೆ ಎಷ್ಟು ಅಂಕ ಸೇರಿಸುತ್ತಾರೆ?

"ಸರ್, ಜೆಇಇ ಮೇನ್‌ನಲ್ಲಿ ಮಗಳಿಗೆ ತುಂಬಾ ಕಷ್ಟದ ಶಿಫ್ಟ್ ಬಂತು. ನಾರ್ಮಲೈಸೇಶನ್ ಮಾಡುವಾಗ ಎಷ್ಟು ಅಂಕ ಸೇರಿಸುತ್ತಾರೆ?"

ಒಂದು ಅಂಕವನ್ನೂ ಸೇರಿಸುವುದಿಲ್ಲ. ಸುಲಭದ ಶಿಫ್ಟ್‌ನವರಿಂದ ಕಳೆಯುವುದೂ ಇಲ್ಲ. ಈ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಹಲವು ಶಿಫ್ಟ್‌ಗಳಲ್ಲಿ, ಬೇರೆ ಬೇರೆ ಪ್ರಶ್ನೆಪತ್ರಿಕೆಗಳೊಂದಿಗೆ ನಡೆಯುತ್ತದೆ; ಆ ಫಲಿತಾಂಶಗಳನ್ನು ಒಂದೇ ಅಳತೆಗೆ ತರುವುದೇ ನಾರ್ಮಲೈಸೇಶನ್. ಜನವರಿ ಮತ್ತು ಏಪ್ರಿಲ್ ಬಂದರೆ ಸಾಕು, ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಆದರೂ "ಹತ್ತಿಪ್ಪತ್ತು ಅಂಕ ಕೊಡ್ತಾರಂತೆ" ಅನ್ನುವ ಮಾತು ಮಾತ್ರ ನಿಲ್ಲುತ್ತಿಲ್ಲ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಿಮ್ಮ ಮಗಳ ಶಿಫ್ಟ್‌ನಲ್ಲಿ 50,000 ಮಂದಿ ಬರೆದರು ಅಂದುಕೊಳ್ಳಿ. ಅವಳಿಗೆ 300ಕ್ಕೆ 130 ಬಂತು. 130 ಅಥವಾ ಅದಕ್ಕಿಂತ ಕಡಿಮೆ ಬಂದವರು, ಅವಳೂ ಸೇರಿ, 46,000. ಇದನ್ನು 50,000ದಿಂದ ಭಾಗಿಸಿ, 100ರಿಂದ ಗುಣಿಸಿ. 92 ಬಂತು ಅಲ್ವಾ? ಅದೇ ಅವಳ ಪರ್ಸೆಂಟೈಲ್. ಮರುದಿನದ ಸುಲಭ ಶಿಫ್ಟ್‌ನಲ್ಲಿ ಅದೇ 92 ಸಿಗಲು 165 ಬೇಕಾಗಬಹುದು. 130 ಇದ್ದದ್ದು 130 ಆಗಿಯೇ ಉಳಿಯಿತು, 165 ಕೂಡ ಹಾಗೆಯೇ. ಈ ಲೆಕ್ಕ ಕೇಳುವುದು ಒಂದನ್ನೇ: ನಿನ್ನ ಜೊತೆ ಅದೇ ಪ್ರಶ್ನೆಪತ್ರಿಕೆ ಬರೆದವರಲ್ಲಿ ನೀನು ಎಲ್ಲಿದ್ದೀಯ?

ಇನ್ನೂ ನಂಬಿಕೆ ಬರದಿದ್ದರೆ ಟಾಪರ್‌ಗಳನ್ನು ನೋಡಿ. ಪ್ರತಿ ಶಿಫ್ಟ್‌ನಲ್ಲೂ ಅತಿ ಹೆಚ್ಚು ಅಂಕ ಪಡೆದವರಿಗೆ 100 ಪರ್ಸೆಂಟೈಲ್ ಸಿಗುತ್ತದೆ. ಅವರಿಗೆ 300ಕ್ಕೆ 300 ಬಂದಿರಲೇಬೇಕು ಅಂತೇನಿಲ್ಲ. ಅಂಕ ಸೇರಿಸುವ ಪದ್ಧತಿಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇದರ ಹಿಂದೆ ಒಂದು ನಂಬಿಕೆ ಇದೆ. ಯಾರಿಗೆ ಯಾವ ಶಿಫ್ಟ್ ಅನ್ನುವುದನ್ನು ಲಾಟರಿಯಂತೆ ಹಂಚುವುದರಿಂದ ಎಲ್ಲ ಶಿಫ್ಟ್‌ನಲ್ಲೂ ಜಾಣರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ ಅನ್ನುವುದು. ಸಾವಿರಾರು ಮಕ್ಕಳಿರುವ ಕಡೆ ಅದು ಒಪ್ಪುವ ಮಾತೇ.

"ಹಾಗಾದರೆ ಹೋದ ವರ್ಷದ 95, ಈ ವರ್ಷದ 95 ಒಂದೇನಾ?" ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ಒಂದೇ ಅಲ್ಲ. 10 ಲಕ್ಷ ಮಂದಿ ಬರೆದರೆ 95 ಪರ್ಸೆಂಟೈಲ್‌ನವರ ಮುಂದೆ ಸುಮಾರು 50,000 ಮಂದಿ ಇರುತ್ತಾರೆ. 14 ಲಕ್ಷ ಬರೆದರೆ 70,000. ಸುರತ್ಕಲ್ ಎನ್‌ಐಟಿಕೆಯಲ್ಲಿ ಸೀಟು ಕೊಡುವುದು ರ‍್ಯಾಂಕ್ ನೋಡಿ. ಹಾಗಾಗಿ ಹಳೆಯ "ಇಷ್ಟು ಅಂಕಕ್ಕೆ ಇಷ್ಟು ಪರ್ಸೆಂಟೈಲ್" ಪಟ್ಟಿ ಹಿಡಿದು ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ವರ್ಷ ವರ್ಷದ ನಡುವೆ ಅಂಕ ನಿಜವಾಗಿಯೂ ಕಳೆದದ್ದು ನಮ್ಮ ಸಿಇಟಿಯಲ್ಲಿ. 2021ರಲ್ಲಿ ಕೊರೊನಾದಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿತ್ತು. ಎಸ್‌ಎಸ್‌ಎಲ್‌ಸಿಯಿಂದ ಶೇ 45, ಪ್ರಥಮ ಪಿಯುವಿನಿಂದ ಶೇ 45, ಆಂತರಿಕ ಅಂಕ ಶೇ 10 ಹಿಡಿದು ಫಲಿತಾಂಶ ಕೊಟ್ಟರು. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯು ಅಂಕವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ಬ್ಯಾಚ್‌ನವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಪರೀಕ್ಷೆ ಬರೆದೇ ಪಾಸಾದವರ ಜೊತೆ ಅವರ ಪಿಯು ಅಂಕವನ್ನು ತೂಗುವುದು ಹೇಗೆ ಅನ್ನುವ ಜಗಳ ಹೈಕೋರ್ಟ್‌ಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಕೋರ್ಟ್ ಒಂದು ಸೂತ್ರ ಒಪ್ಪಿತು. ಅದರಂತೆ ಹಳೆಯ ಬ್ಯಾಚ್‌ನವರ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯು ಅಂಕದಲ್ಲಿ ಸರಾಸರಿ 6 ಕಡಿತವಾಯಿತು. ಸಿಇಟಿ ಅಂಕವನ್ನು ಮುಟ್ಟಲಿಲ್ಲ. ಅಲ್ಲಿ ಎಲ್ಲರೂ ಬರೆದದ್ದು ಒಂದೇ ಪ್ರಶ್ನೆಗಳನ್ನು.