ನಾಲ್ಕು ನಾಯಿ, ನಾಲ್ಕು ಚುಕ್ಕಿ

ಚಳ್ಳಕೆರೆ ಸೀಮೆಯ ಕುರಿಮಂದೆ ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಬೀಡುಬಿಟ್ಟರೆ ಸುತ್ತ ಮೂರು ನಾಲ್ಕು ನಾಯಿಗಳ ಕಾವಲಿರುತ್ತದೆ. ತೋಳದ ವಾಸನೆ ಹತ್ತಿ ಎಲ್ಲವೂ ಒಂದೇ ದಿಕ್ಕಿಗೆ ನುಗ್ಗಿದರೆ ಇನ್ನೊಂದು ಮಗ್ಗುಲು ಬಯಲಾದಂತೆ. ಯಾವ ನಾಯಿ ಎಲ್ಲಿದೆ ಎಂದು ಕತ್ತಲಲ್ಲಿ ತಿಳಿಯಲು ಕೊರಳಿಗೆ ಜಿಪಿಎಸ್ ಯಂತ್ರ ಕಟ್ಟುವುದು ಒಳ್ಳೆಯ ಉಪಾಯ. ಅದು ಕೆಲಸ ಮಾಡುವ ಬಗೆ ಗೊತ್ತಿರಬೇಕು.

ಉಪಗ್ರಹ ನಾಯಿಯನ್ನು ನೋಡುತ್ತಿರುವುದಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಾವಿರುವ ಜಾಗವನ್ನೂ ಸಮಯವನ್ನೂ ಸಾರುತ್ತಿರುತ್ತವೆ, ಅಷ್ಟೆ. ಕೊರಳಿನ ಯಂತ್ರ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಅವು ಬರಲು ತೆಗೆದುಕೊಂಡ ಹೊತ್ತಿನಿಂದ ತನ್ನ ಜಾಗವನ್ನು ಲೆಕ್ಕ ಹಾಕುತ್ತದೆ. ಅದನ್ನು ಮೊಬೈಲಿಗೆ ಮುಟ್ಟಿಸುವುದು ಬೇರೆಯೇ ಕೆಲಸ. ಅದಕ್ಕೆ ಸಿಮ್ ಬೇಕು, ಟವರ್ ಸಿಗಬೇಕು. ಹೆಚ್ಚಿನ ತೊಂದರೆ ಇಲ್ಲೇ.

ಬ್ಯಾಟರಿಯ ಲೆಕ್ಕ ನೋಡಿ. ಯಂತ್ರದಲ್ಲಿ 1000 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಬ್ಯಾಟರಿ ಇದೆ, 10 ನಿಮಿಷಕ್ಕೊಮ್ಮೆ ಜಾಗ ಕಳಿಸುತ್ತದೆ ಎಂದುಕೊಳ್ಳೋಣ. ಪ್ರತಿ ಸಲ ಜಿಪಿಎಸ್ 15 ಸೆಕೆಂಡು 30 ಮಿಲಿಆಂಪಿಯರ್, ಟವರಿಗೆ ಜಾಗ ಕಳಿಸುವ ಮೋಡೆಮ್ 10 ಸೆಕೆಂಡು 100 ಮಿಲಿಆಂಪಿಯರ್ ಎಳೆದರೆ ದಿನದ 144 ಸಲಕ್ಕೆ 58 ಎಂಎಎಚ್ ಖರ್ಚು. ಯಂತ್ರ ಕೆಲಸವಿಲ್ಲದೆ ಮಲಗಿರುವಾಗಿನ 1 ಮಿಲಿಆಂಪಿಯರ್ ಸೇರಿಸಿದರೆ 82. ಹನ್ನೆರಡು ದಿನ ಬರಬೇಕು, ಎಂಟೇ ದಿನ ಎಂದು ಹಿಡಿಯುವುದು ಕ್ಷೇಮ. ನಿಮಿಷಕ್ಕೊಮ್ಮೆ ಇಟ್ಟರೆ ಎರಡು ದಿನವೂ ಬಾರದು. ಟವರ್ ಸಿಗದ ಕಣಿವೆಯಲ್ಲಿ ಮೋಡೆಮ್ ಹುಡುಕುತ್ತಲೇ ಇರುವುದರಿಂದ ಬ್ಯಾಟರಿ ಇನ್ನೂ ಬೇಗ ಬರಿದಾಗುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಅದೇ ಕಂಪನಿಯ ಸಿಮ್ ಇರುವ ಮೊಬೈಲು ಹಿಡಿದು ಮೇವಿನ ಜಾಗವೆಲ್ಲ ಒಮ್ಮೆ ತಿರುಗಿ ಬನ್ನಿ.

ನಾಲ್ಕು ನಾಯಿಗಳಿದ್ದರೆ ನಾಲ್ಕೂ ಯಂತ್ರಗಳನ್ನು ಒಂದೇ ರಾತ್ರಿ ಬಿಚ್ಚಿ ಚಾರ್ಜಿಗೆ ಹಾಕಬೇಡಿ. ಎರಡು ದಿನಕ್ಕೆ ಒಂದರಂತೆ ಸರದಿ ಮಾಡಿದರೆ ಎಂಟು ದಿನಕ್ಕೆ ಸುತ್ತು ಮುಗಿಯುತ್ತದೆ. ಮರಳಿ ಕಟ್ಟುವಾಗ ಯಂತ್ರಗಳು ಅದಲುಬದಲಾಗುವುದುಂಟು. ಆಗ ನಕ್ಷೆಯಲ್ಲಿ ಕರಿಯ ಎಂದು ಕಾಣುವುದು ಕೆಂಚನಾಗಿರುತ್ತದೆ. ಯಂತ್ರಕ್ಕೂ ಪಟ್ಟಿಗೂ ಒಂದೇ ಬಣ್ಣದ ಟೇಪು ಸುತ್ತಿ.

ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ಆಂಟೆನಾ ಕತ್ತಿನ ಮೇಲ್ಭಾಗದಲ್ಲಿ ಆಕಾಶಕ್ಕೆ ಮುಖ ಮಾಡಿರಬೇಕು. ಯಂತ್ರ ಗಂಟಲಿನ ಕೆಳಗೆ ಜಾರಿದರೆ ನಾಯಿಯ ಮೈಯೇ ಸಂಕೇತಕ್ಕೆ ಅಡ್ಡ. ತೋಳದ ಭಯಕ್ಕೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟಿದ್ದರೆ ಅದರ ತಗಡು ಆಂಟೆನಾ ಮುಚ್ಚದಂತೆ ಯಂತ್ರಕ್ಕೆ ಬೇರೆ ನೈಲಾನ್ ಪಟ್ಟಿ ಬೇಕು. ಆಟದ ಭರದಲ್ಲಿ ಒಂದರ ಕೊರಳನ್ನು ಇನ್ನೊಂದು ಕಚ್ಚುತ್ತದೆ, ಮರಿನಾಯಿಗಳಂತೂ ರಬ್ಬರಿನ ಮುಚ್ಚಳವನ್ನೇ ಅಗಿದುಬಿಡುತ್ತವೆ. ಮುಚ್ಚಳ ಹೋದರೆ ಮೊದಲ ಮಳೆಗೆ ಯಂತ್ರವೂ ಹೋಯಿತು.

ಬಯಲಿನಲ್ಲಿ ಮೂರರಿಂದ ಐದು ಮೀಟರಿನಷ್ಟು ತಪ್ಪು ಇದ್ದದ್ದೇ. ಒತ್ತೊತ್ತಾಗಿ ಮಲಗಿದ ಎರಡು ನಾಯಿಗಳು ನಕ್ಷೆಯಲ್ಲಿ ಎಂಟು ಮೀಟರ್ ದೂರ ಕಾಣಬಹುದು. ಚಿತ್ರದುರ್ಗದ ಬಂಡೆಗಳ ನಡುವೆ ಸಂಕೇತ ಕಲ್ಲಿಗೆ ಬಡಿದು ಸುತ್ತಿಬಳಸಿ ಬರುವುದರಿಂದ ಚುಕ್ಕಿ ಇನ್ನೂ ಆಚೆ ಹಾರುತ್ತದೆ. ಹಾಗಾಗಿ, ನಾಯಿ ದಾಟಿದರೆ ಎಚ್ಚರಿಸುವ ನಕ್ಷೆಯ ಗಡಿಯನ್ನು ರೊಪ್ಪದ (ಕುರಿದೊಡ್ಡಿಯ) ಬೇಲಿಯ ಮೇಲೆಯೇ ಎಳೆದರೆ ರಾತ್ರಿಯಿಡೀ ಸುಳ್ಳು ಎಚ್ಚರಿಕೆ ಬಂದು, ಮೂರನೆಯ ದಿನಕ್ಕೆ ಯಾರೂ ಮೊಬೈಲು ನೋಡುವುದಿಲ್ಲ. ಬೇಲಿಯಿಂದ ಕನಿಷ್ಠ 50 ಮೀಟರ್ ಆಚೆ ಗಡಿ ಎಳೆಯಿರಿ. ಸತತ ಎರಡು ಸಲ ಹೊರಗೆ ಕಂಡರಷ್ಟೇ ಗಂಟೆ ಬಾರಿಸುವ ಸೌಲಭ್ಯವಿದ್ದರೆ ಅದನ್ನೇ ಆರಿಸಿ.

ನಾಯಿ ತಪ್ಪಿಸಿಕೊಂಡಾಗ ಮೊದಲು ನೋಡಬೇಕಾದ್ದು ಚುಕ್ಕಿಯ ಪಕ್ಕದ ಗಂಟೆ-ನಿಮಿಷ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡುವ ನಾಯಿ 10 ನಿಮಿಷದಲ್ಲಿ ಸುಮಾರು 1.7 ಕಿ.ಮೀ. ಸಾಗಿರುತ್ತದೆ. ತಕ್ಷಣ ಆ ಒಂದು ಯಂತ್ರವನ್ನು ಮಾತ್ರ ನಿಮಿಷಕ್ಕೊಮ್ಮೆ ಕಳಿಸುವಂತೆ ಬದಲಿಸಿ. ಮಲಗಿರುವ ಯಂತ್ರಕ್ಕೆ ಈ ಆದೇಶ ಮುಟ್ಟುವುದು ಅದು ಮತ್ತೆ ಎದ್ದಾಗಲೇ. ಅಲ್ಲಿಯವರೆಗೆ ಕೊನೆಯ ಎರಡು ಚುಕ್ಕಿಗಳನ್ನು ಜೋಡಿಸಿ, ಗೆರೆ ತೋರಿಸುವ ದಿಕ್ಕಿಗೆ ಹೊರಡಿ. ಉಳಿದ ಮೂರು ಚುಕ್ಕಿಗಳು ಮಂದೆಯ ಸುತ್ತಲೇ ಇವೆಯೇ ಎಂದೂ ನೋಡಿಕೊಳ್ಳಿ.